ಅತ್ತೆಯ ಕೋಣೆಯ ವಾಸನೆ

ಮಾವಿನ ಕಾಲದಲ್ಲಿ ಶ್ರೀನಿವಾಸಪುರದಿಂದ ಕೋಲಾರಕ್ಕೆ ಬರುವ ಬಸ್ಸುಗಳಿಗೆಲ್ಲ ಒಂದೇ ವಾಸನೆ. ಸೀಟಿನ ಕೆಳಗೆ, ಡ್ರೈವರ್ ಪಕ್ಕದಲ್ಲಿ, ಯಾರದೋ ತೊಡೆಯ ಮೇಲೆ, ಎಲ್ಲಿ ನೋಡಿದರೂ ಹಣ್ಣಿನ ಚೀಲ. ತವರಿಂದ ನಾನು ತರುವ ಚೀಲವೂ ಅವುಗಳಲ್ಲಿ ಒಂದು. ಆ ಸಲ ಆಟೋ ಇಳಿದು, ಚೀಲವನ್ನು ಸೊಂಟಕ್ಕೆ ಆನಿಸಿಕೊಂಡು ಬೆಲ್ ಒತ್ತಿದೆ. ಬಾಗಿಲು ತೆಗೆದವರು ಅತ್ತೆ. ಅವರ ಬೆನ್ನ ಹಿಂದಿನಿಂದ ಇನ್ನೊಂದು ವಾಸನೆ ಬಂದು, ನನ್ನ ಹಣ್ಣಿನ ವಾಸನೆಯನ್ನು ಪಕ್ಕಕ್ಕೆ ತಳ್ಳಿತು.

ಮಳೆಯಲ್ಲಿ ನೆಂದು ಮೂಲೆಯಲ್ಲೇ ಒಣಗಿದ ಗೋಣಿಚೀಲದ ವಾಸನೆಯಂಥದ್ದು. ಮುಗ್ಗಿದ ರಾಗಿಹಿಟ್ಟಿನದೂ ಸ್ವಲ್ಪ ಸೇರಿದ ಹಾಗಿತ್ತು. ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು ಅಂದುಕೊಂಡೆ. ಚೀಲವನ್ನು ಅಡುಗೆಮನೆಯಲ್ಲಿಟ್ಟು, ಒಂದು ಲೋಟ ನೀರು ಕುಡಿದು, ಮುಖ ತೊಳೆದು ಬರುವ ಹೊತ್ತಿಗೆ ಅದು ಇರಲಿಲ್ಲ. ಇರಲಿಲ್ಲವೆಂದಲ್ಲ, ನನ್ನ ಮೂಗು ಅದನ್ನು ಮರೆತಿತ್ತು. ನಮ್ಮ ಮನೆಯದೇ ವಾಸನೆಯನ್ನು ನಮ್ಮ ಮೂಗು ಬಲು ಬೇಗ ಕ್ಷಮಿಸಿಬಿಡುತ್ತದೆ.

"ಪ್ರಯಾಣ ಹೇಗಾಯ್ತಮ್ಮ? ಬಸ್ ರಶ್ಶಾ?" ಎಂದು ಕೇಳಿದ ಅತ್ತೆ ಉತ್ತರಕ್ಕೆ ಕಾಯದೆ ಕೆಮ್ಮುತ್ತಾ ತಮ್ಮ ಕೋಣೆಗೆ ಹೋದರು.

ಕೋಣೆ ಎಂದರೆ ಹಿಂದಿನ ಕೋಣೆ. ಮೊದಲು ಅದು ನಮ್ಮ ಉಗ್ರಾಣವಾಗಿತ್ತು, ರಾಗಿ ಮೂಟೆ, ಉಪ್ಪಿನಕಾಯಿ ಜಾಡಿ, ಹಳೆಯ ಹಾಸಿಗೆಗಳೆಲ್ಲ ಅಲ್ಲೇ ಇರುತ್ತಿದ್ದವು. ಒಂದು ಕಡೆ ಬಚ್ಚಲುಮನೆಯ ಗೋಡೆ. ಇನ್ನೊಂದು ಕಡೆ ಕಿಟಕಿ ಇದೆ, ತೆಗೆದರೆ ಪಕ್ಕದ ಮನೆಯವರ ಅಡುಗೆಮನೆ ಕೈಗೆ ಸಿಗುವಷ್ಟು ಹತ್ತಿರ. ಅವರ ಪಾತ್ರೆ ಶಬ್ದ, ಸೊಳ್ಳೆ, ರಸ್ತೆಯ ಧೂಳು, ಇವೆಲ್ಲ ಬೇಡವೆಂದು ಅದನ್ನು ಮುಚ್ಚಿಯೇ ಇಟ್ಟಿದ್ದೆವು. ಮನೆಗೆ ಬಣ್ಣ ಹೊಡೆಸಿದಾಗ ಕಿಟಕಿಯ ಬಾಗಿಲು ಚೌಕಟ್ಟಿಗೆ ಅಂಟಿಕೊಂಡಿತ್ತು. ಅದನ್ನು ಬಿಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಅತ್ತೆ ಹುತ್ತೂರಿನ ಕಡೆಯವರು. ಮದುವೆಯಾಗಿ ಬಂದಾಗಿನಿಂದ ರೇಷ್ಮೆಹುಳು ಸಾಕಿದವರು. ಈಗ ಮೈದುನ ಮತ್ತು ಅವನ ಹೆಂಡತಿ ಊರಿನಲ್ಲಿ ಆ ಕೆಲಸ ನೋಡಿಕೊಳ್ಳುತ್ತಾರೆ. ಹಿಪ್ಪುನೇರಳೆ ಸೊಪ್ಪು ಹೊತ್ತು, ಹುಳುವಿನ ತಟ್ಟೆ ಎತ್ತಿ ಇಳಿಸಿ, ಅತ್ತೆಯ ಮಂಡಿ ಸವೆದುಹೋಗಿತ್ತು. "ಅಲ್ಲಿದ್ರೆ ಸುಮ್ನೆ ಕೂರೋಕೆ ಆಗಲ್ಲ ಕಣಮ್ಮ, ಹುಳ ಕರೀತಾವೆ" ಎಂದು ಹೇಳಿ ತಾವಾಗಿಯೇ ನಮ್ಮಲ್ಲಿಗೆ ಬಂದವರು. ಬಂದ ಮೇಲೆ ಮನೆಯೇ ಬದಲಾಯಿತು. ಹತ್ತನೇ ತರಗತಿಗೆ ಹೋಗುವ ನನ್ನ ಮಗಳು ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟುಕೊಂಡೇ ಪಾಠ ಓದುವುದನ್ನು ಕಲಿತಳು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅತ್ತೆ ಹೇಳುವ ಊರಿನ ಕಥೆಗಳಿಗೆ ನಾನು ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದೆ.

ಹುಳು ಸಾಕುವವರ ಮನೆಗಳಲ್ಲಿ ವಾಸನೆಯ ವಿಷಯಕ್ಕೆ ಬಲು ಕಟ್ಟುನಿಟ್ಟು. ನಾನು ಹೊಸ ಸೊಸೆಯಾಗಿ ಹುತ್ತೂರಿನ ಕಡೆಯ ಆ ಮನೆಗೆ ಹೋದ ದಿನ, ಹುಳು ನೋಡುವ ಆಸೆಯಿಂದ ಹಿತ್ತಲಿನ ಹುಳುಮನೆಯ ಬಾಗಿಲಿಗೆ ಹೋಗಿದ್ದೆ. ಜಡೆ ತುಂಬ ಮಲ್ಲಿಗೆ, ಕರ್ಚೀಫಿಗೆ ಸೋದರಮಾವ ಕೊಟ್ಟ ಸೆಂಟು.

"ಅಲ್ಲೇ ನಿಲ್ಲು ತಾಯಿ!" ಅತ್ತೆ ಒಳಗಿನಿಂದಲೇ ದನಿ ತಗ್ಗಿಸಿ ಗದರಿದರು. "ಏನಿದು, ಸೆಂಟ್ ಅಂಗಡೀನೇ ಹೊತ್ಕೊಂಡು ಬಂದಿದೀಯಾ? ನನ್ನ ಹುಳ ಏನಾಗಬೇಕು?"

"ಹೂವಿನ ವಾಸನೇಗೂ ಹುಳ ಸಾಯ್ತಾವಾ ಅತ್ತೆ?"

"ಹೂವಕ್ಕೆ ಅವು ಸಾಯ್ತಾವೋ ಇಲ್ವೋ, ನಿನ್ನ ಸೆಂಟಿಗೆ ನಾನೇ ಸಾಯ್ತೀನಿ. ಹೋಗು, ಕೈಕಾಲು ತೊಳ್ಕೊಂಡು, ಬೇರೆ ಸೀರೆ ಉಟ್ಕೊಂಡು ಬಾ."

ಕೈಕಾಲು ತೊಳೆದು, ಹೂವು ತೆಗೆದಿಟ್ಟು, ಸೀರೆ ಬದಲಿಸಿ ಹೋದೆ. ಒಳಗೆ ತಂಪು, ಅರೆಗತ್ತಲು, ಹಸಿರೆಲೆಯ ಮತ್ತು ಸುಣ್ಣದ ವಾಸನೆ. ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅಲುಗಾಡದೆ ಇದ್ದವು. "ಜ್ವರಕ್ಕೆ ಕೂತಿದಾವೆ" ಎಂದರು ಅತ್ತೆ ಮೆಲುದನಿಯಲ್ಲಿ. ಹುಳು ಸೊಪ್ಪು ಬಿಟ್ಟು ಚರ್ಮ ಕಳಚುವುದಕ್ಕೆ ಅವರಲ್ಲಿ ಜ್ವರ ಎಂದೇ ಹೆಸರು. ಆ ಹೊತ್ತಿನಲ್ಲಿ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ಬೀಡಿ ಸೇದಿದವರು ಹತ್ತಿರ ಸುಳಿಯುವ ಹಾಗಿಲ್ಲ, ಸೊಳ್ಳೆಬತ್ತಿಯಂತೂ ಕೂಡದು. ಒಂದು ಬೆಳೆ ಮುಗಿದು ರೇಷ್ಮೆಗೂಡು ಮಾರಾಟವಾದ ಮೇಲೆ ಆ ಮನೆಯನ್ನು ಬ್ಲೀಚಿಂಗ್ ಪೌಡರ್ ಮತ್ತು ಸುಣ್ಣದ ನೀರಿನಿಂದ ತೊಳೆದು, ಕಿಟಕಿ ಬಾಗಿಲು ಬಿಗಿಯಾಗಿ ಮುಚ್ಚುತ್ತಾರೆ. ಆಮೇಲೆ ಎಲ್ಲ ತೆರೆದು ಗಾಳಿ ಬಿಡುತ್ತಾರೆ. ಕಣ್ಣುರಿ ಪೂರ್ತಿ ಹೋದ ಮೇಲೆಯೇ ಹೊಸ ಮರಿಹುಳು ಒಳಗೆ ಬರುವುದು.

ಇದೆಲ್ಲ ಅತ್ತೆಗೆ ಉಸಿರಾಟದಷ್ಟು ಸಹಜವಾಗಿತ್ತು. ಆದರೆ ಅದು ಹುಳುವಿನ ಮನೆಗೆ ಸಂಬಂಧಿಸಿದ್ದು, ಮನುಷ್ಯರ ಕೋಣೆಗೆ ಯಾರು ಅದನ್ನೆಲ್ಲ ನೋಡುತ್ತಾರೆ?

ಮಾವಿನ ಕಾಲ ಮುಗಿದು ಮಳೆ ಹಿಡಿಯಿತು. ಹೊರಗಿನಿಂದ ಬಂದಾಗಲೆಲ್ಲ ಬಾಗಿಲಲ್ಲಿ ಆ ವಾಸನೆ ನನ್ನನ್ನು ಎದುರುಗೊಳ್ಳುತ್ತಿತ್ತು, ಒಳಗೆ ಬಂದರೆ ಮರೆಯಾಗುತ್ತಿತ್ತು. ನಮ್ಮ ಮನೆಯವರನ್ನು ಕೇಳಿದೆ. ಅವರು ಮಾಲೂರಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ವರ್ಷವಿಡೀ ಅವರಿಗೆ ನೆಗಡಿ.

"ರೀ, ಹಿಂದಿನ ರೂಮ್ ಕಡೆಯಿಂದ ಏನೋ ವಾಸನೆ ಬರ್ತಿದೆ ಅಲ್ವಾ?"

"ನೀನು ಒಗ್ಗರಣೆ ಹಾಕಿದ್ದೇ ನನ್ನ ಮೂಗಿಗೆ ಗೊತ್ತಾಗಲ್ಲ. ನನ್ನ ಕೇಳ್ತೀಯಲ್ಲೇ" ಎಂದು ನಕ್ಕು ಪೇಪರ್ ಮಡಚಿದರು.

ಅತ್ತೆಯನ್ನು ಕೇಳುವುದು ಹೇಗೆ? ನಾನು ಓದಿದ್ದು ಕಾನ್ವೆಂಟಿನಲ್ಲಿ. ಅಲ್ಲಿ ಮೂಗಿಗೆ ಸಂಬಂಧಿಸಿದ ಮಾತು ಬಾಯಿಗೆ ಬರಬಾರದು. ಒಮ್ಮೆ ತರಗತಿಯಲ್ಲಿ ಯಾರದೋ ಟಿಫನ್ ಡಬ್ಬಿಯಿಂದ ಒಣಮೀನಿನ ವಾಸನೆ ಬಂದಿತ್ತು. ನಾವೆಲ್ಲ ಮೂಗು ಮುಚ್ಚಿ ಕಿಸಿಕಿಸಿ ನಗುತ್ತಿದ್ದೆವು. ಸಿಸ್ಟರ್ ಒಳಗೆ ಬಂದರು, ಯಾರನ್ನೂ ಬೈಯಲಿಲ್ಲ, ಯಾರ ಕಡೆಯೂ ನೋಡಲಿಲ್ಲ. ನೇರ ಹೋಗಿ ಕಿಟಕಿ ತೆರೆದು, ಪಾಠ ಶುರು ಮಾಡಿದರು. ಆ ಡಬ್ಬಿಯ ಹುಡುಗಿ ತಲೆ ಎತ್ತಿದ್ದು ನನಗಿನ್ನೂ ನೆನಪಿದೆ. ಇನ್ನೊಬ್ಬರಿಗೆ ನೋವಾಗುವ ಹಾಗೆ ಮಾತಾಡಬಾರದು ಎಂಬುದನ್ನು ಆ ದಿನದಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಕಿಟಕಿಯ ವಿಷಯ ನೆನಪಿನಿಂದ ಜಾರಿತ್ತು.

ಹಾಗಾಗಿ ಮಾತಿಲ್ಲದೆ ಕೆಲಸ ಶುರು ಮಾಡಿದೆ. ಸಂಜೆ ದೀಪ ಹಚ್ಚಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿದು ಮನೆಯೆಲ್ಲ ಸುತ್ತಿ, ಅತ್ತೆಯ ಕೋಣೆಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ಅವರ ಮರದ ಬೀರುವಿನಲ್ಲಿ ಸೀರೆಗಳ ನಡುವೆ ನುಸಿಗುಳಿಗೆ ಇಟ್ಟೆ. ಆಮೇಲೆ ಪ್ಲಗ್ಗಿಗೆ ಸಿಕ್ಕಿಸುವ ಒಂದು ರೂಮ್ ಫ್ರೆಶ್ನರ್ ತಂದೆ. ಯಾವುದೋ ನೀಲಿ ಹೂವಿನ ಚಿತ್ರ ಅದರ ಮೇಲೆ.

"ಇದೇನಮ್ಮ ಇದು, ಸೊಳ್ಳೇದಾ?" ಅತ್ತೆ ಕೇಳಿದರು.

"ಅಲ್ಲ ಅತ್ತೆ, ಸುಮ್ನೆ ಘಮ ಅನ್ನಲಿ ಅಂತ."

ಅತ್ತೆ ಅದನ್ನೇ ಸ್ವಲ್ಪ ಹೊತ್ತು ನೋಡಿದರು. "ಸರಿ ಬಿಡು" ಎಂದರು.

ಆ ದಿನಗಳಲ್ಲಿ ಅತ್ತೆಯಲ್ಲಿ ಆದ ಸಣ್ಣಪುಟ್ಟ ಬದಲಾವಣೆಗಳನ್ನು ನಾನು ಗಮನಿಸದೆ ಇರಲಿಲ್ಲ. ಸಂಜೆಯೂ ಸ್ನಾನ ಮಾಡತೊಡಗಿದರು. ಸೋಪು ಬೇಗ ಕರಗುತ್ತಿತ್ತು. ಹಿತ್ತಲಿನ ತಂತಿ ಬಿಟ್ಟು, ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ಮಹಡಿಯ ಮೇಲೆ ಸೀರೆ ಒಣಗಿಸುತ್ತಿದ್ದರು. ದವಡೆಯಲ್ಲಿ ಸದಾ ಒಂದು ಲವಂಗ. ಊಟಕ್ಕೆ ನಮ್ಮ ಜೊತೆ ಕೂರುತ್ತಿದ್ದವರು ತಟ್ಟೆ ಹಿಡಿದು ಬಾಗಿಲ ಬಳಿಯ ಸ್ಟೂಲಿಗೆ ಹೋದರು. ಕೇಳಿದರೆ, "ಇಲ್ಲಿ ಗಾಳಿ ಬರುತ್ತೆ ಕಣಮ್ಮ" ಎನ್ನುತ್ತಿದ್ದರು. ಮಗಳು ತೊಡೆಯ ಮೇಲೆ ತಲೆಯಿಡಲು ಬಂದರೆ, "ಹೋಗೇ, ಮೇಜಿನ ಮೇಲಿಟ್ಕೊಂಡು ಓದು, ಕಣ್ಣು ಹಾಳಾಗುತ್ತೆ" ಎಂದು ಮಂಡಿ ಎಳೆದುಕೊಳ್ಳುತ್ತಿದ್ದರು. ಪೇಟೆಯ ರೀತಿಗೆ ಹೊಂದಿಕೊಳ್ಳುತ್ತಿದ್ದಾರೆ, ಪಾಪ, ಎಂದುಕೊಂಡೆ ನಾನು.

ಕೆಮ್ಮು ಮೊದಲು ಬೆಳಗಿನದಾಗಿತ್ತು. ಆಮೇಲೆ ದೀಪ ಹಚ್ಚುವ ಹೊತ್ತಿಗೂ ಬಂತು. ಮಳೆಗಾಲದ ಶೀತ ಎಂದು ಶುಂಠಿ ಕಷಾಯ ಮಾಡಿಕೊಟ್ಟೆ. ಅವರು ಕುಡಿದು, "ನಾನೂ ಜ್ವರಕ್ಕೆ ಕೂತಿದೀನಿ ಅಂದ್ಕೋ. ಎದ್ದರೆ ಹೊಸ ಚರ್ಮ" ಎಂದು ತಮಾಷೆ ಮಾಡಿದರು. ನಗುವಾಗಲೂ ಉಸಿರು ಎಳೆದು ಬರುತ್ತಿತ್ತು.

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮಧ್ಯಾಹ್ನ ನಾನು ನಡುಮನೆಯಲ್ಲಿ ಕಲಶಕ್ಕೆ ಸೀರೆ ಉಡಿಸುತ್ತಿದ್ದೆ, ನೆರಿಗೆ ನಿಲ್ಲದೆ ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಿದ್ದೆ. ಶಾಲೆಗೆ ರಜೆ, ಮಗಳು ಬಾಳೆಕಂದು ಕಟ್ಟುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಅವಳು ಮೂಗು ಉಜ್ಜಿಕೊಂಡಳು.

"ಅಮ್ಮಾ, ನೀರಿನ ಟ್ಯಾಂಕ್ ತೊಳೆದಾಗ ಬರೋ ವಾಸನೆ ಬರ್ತಿದೆ."

ಹಿಂದಿನ ಕೋಣೆಯ ಬಾಗಿಲು ಮುಚ್ಚಿತ್ತು. ತಳ್ಳಿದೆ, ಕೆಳಗಿನ ಸಂದಿಗೆ ಬಟ್ಟೆ ತುರುಕಿದ್ದರಿಂದ ಸುಲಭವಾಗಿ ತೆರೆಯಲಿಲ್ಲ. ತೆರೆದ ಕೂಡಲೇ ಕಣ್ಣು ಉರಿಯಿತು. ನೆಲ ಒದ್ದೆಯಾಗಿ ಬೆಳ್ಳಗಿತ್ತು, ಗೋಡೆಯ ಕೆಳಭಾಗವೂ ಬೆಳ್ಳಗಿತ್ತು. ಬ್ಲೀಚಿಂಗ್ ಪೌಡರಿನ ಬಕೆಟ್ ಮೂಲೆಯಲ್ಲಿತ್ತು. ಮಂಚದ ಕೆಳಗೆ ಸೊಳ್ಳೆಬತ್ತಿ ಹೊಗೆಯಾಡುತ್ತಿತ್ತು. ನೀಲಿ ಹೂವಿನ ಫ್ರೆಶ್ನರ್ ಕೂಡ ತನ್ನ ಪಾಡಿಗೆ ಉರಿಯುತ್ತಿತ್ತು. ಮಂಚದ ಅಂಚಿನಲ್ಲಿ ಅತ್ತೆ ಎರಡೂ ಕೈ ಮಂಡಿಗೆ ಊರಿ ಕೂತಿದ್ದರು. ಭುಜ ಏರಿ ಇಳಿಯುತ್ತಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ.

"ಅತ್ತೆ! ಏನಿದು?"

"ಮನೆ... ತೊಳ್ದೆ ಕಣಮ್ಮ... ನಾಳೆ... ನಾಲ್ಕು ಜನ ಬರ್ತಾರೆ..."

ನಾನೂ ಮಗಳೂ ಅವರನ್ನು ಹಿಡಿದುಕೊಂಡು ಹೊರಗಿನ ಜಗಲಿಗೆ ತಂದೆವು. ಅಲ್ಲಿಂದ ಆಟೋದಲ್ಲಿ ಎದೆ ಡಾಕ್ಟರ ಬಳಿಗೆ. ದಾರಿಯುದ್ದಕ್ಕೂ ಅತ್ತೆ ನನ್ನ ಕೈ ಹಿಡಿದಿದ್ದರು, ಆದರೆ ಮುಖವನ್ನು ಆಟೋದ ಹೊರಗೆ ತಿರುಗಿಸಿದ್ದರು. ಗಾಳಿಗಾಗಿ ಎಂದುಕೊಂಡೆ.

ಮುಖಕ್ಕೆ ಮಾಸ್ಕ್ ಹಾಕಿ ಔಷಧಿಯ ಆವಿ ಕೊಟ್ಟರು. ನಿಧಾನವಾಗಿ ಅತ್ತೆಯ ಭುಜ ಇಳಿಯಿತು, ತುಟಿಗೆ ಬಣ್ಣ ಬಂತು. ಡಾಕ್ಟರ್ ನಮ್ಮ ಕಡೆ ತಿರುಗಿದರು. ನನ್ನ ವಯಸ್ಸಿನ ಹೆಂಗಸು, ದನಿಯಲ್ಲಿ ಆತುರವಿಲ್ಲ.

"ಇವರು ಮಲಗೋ ಕೋಣೆಗೆ ಕಿಟಕಿ ಇದೆಯಾ?"

"ಇದೆ ಡಾಕ್ಟ್ರೇ."

"ತೆಗೀತೀರಾ?"

ಮಗಳು ನನ್ನ ಮುಖ ನೋಡಿದಳು.

ಕೋಣೆಯಲ್ಲಿ ಏನೇನಿದೆ ಎಂದು ಒಂದೊಂದಾಗಿ ಕೇಳಿದರು. ಸಾಂಬ್ರಾಣಿ, ನುಸಿಗುಳಿಗೆ, ಸೊಳ್ಳೆಬತ್ತಿ, ಫ್ರೆಶ್ನರ್, ಈಗ ಬ್ಲೀಚಿಂಗ್ ಪೌಡರ್. ನಾನು ಹೇಳುತ್ತಾ ಹೋದ ಹಾಗೆ ನನಗೇ ಆ ಕೋಣೆ ಒಂದು ಅಂಗಡಿಯ ಹಾಗೆ ಕಂಡಿತು.

"ಇಷ್ಟೆಲ್ಲ ಯಾಕಮ್ಮ?"

"ಏನೋ ಮುಗ್ಗಲು ವಾಸನೆ ಬರ್ತಿತ್ತು..."

"ಒಂದು ವಾಸನೆ ಮೇಲೆ ಇನ್ನೊಂದು ವಾಸನೆ ಹಾಕಿದ್ರೆ ಮೊದಲಿಂದು ಹೋಗಲ್ಲ, ಎರಡೂ ಎದೆಗೆ ಹೋಗ್ತವೆ. ಇವರ ಶ್ವಾಸನಾಳ ಮೊದಲೇ ಊದಿಕೊಂಡಿದೆ. ಹೊಗೆ, ಬ್ಲೀಚಿನ ಗಾಟು, ಎಲ್ಲ ಅದಕ್ಕೆ ಭಾರ. ಮುಗ್ಗಲು ಅಂದ್ರೆ ಎಲ್ಲೋ ತೇವ ಇದೆ, ಬೂಷ್ಟು ಬೆಳೀತಿದೆ. ಕೆಲವರ ಎದೆಗೆ ಅದೇ ಸಾಕು. ಮೊದಲು ಅದು ಎಲ್ಲಿಂದ ಬರ್ತಿದೆ ಹುಡುಕಿ." ಔಷಧಿ ಬರೆಯುತ್ತಾ ಸೇರಿಸಿದರು, "ಹಾಗಂತ ವಾಸನೆ ಬಂದದ್ದೆಲ್ಲ ಕಾಯಿಲೆ ತರುತ್ತೆ ಅಂತ ಗಾಬರಿ ಬೇಡ. ವಾಸನೆ ಇಲ್ಲ ಅಂದ ಮಾತ್ರಕ್ಕೆ ಗಾಳಿ ಚೆನ್ನಾಗಿದೆ ಅಂತಾನೂ ಅಲ್ಲ. ಗಾಳಿ ಆಡಬೇಕು, ಅಷ್ಟೆ."

ಇನ್ಹೇಲರ್ ಎಳೆದುಕೊಳ್ಳುವುದನ್ನು ಅತ್ತೆಗೆ ಕಲಿಸಿ ಕಳಿಸಿದರು.

ಮನೆಗೆ ಬಂದ ಮೇಲೆ ಅತ್ತೆ ಒಳಗೆ ಬರಲಿಲ್ಲ. ಜಗಲಿಯ ಮೇಲೆ, ಬಾಳೆಕಂದಿನ ಪಕ್ಕ ಕೂತರು. ಸೆರಗಿನಿಂದ ಮೊಣಕೈವರೆಗೂ ಹೊದ್ದುಕೊಂಡಿದ್ದರು.

"ಹಬ್ಬ ಮುಗೀಲಿ. ನಾನು ಊರಿಗೆ ಹೋಗ್ತೀನಿ ಕಣಮ್ಮ."

"ಯಾಕತ್ತೆ? ಈ ಸ್ಥಿತೀಲಾ?"

"ಅಲ್ಲಿ ಹೊರಗಡೆ ಚಪ್ಪರದಲ್ಲಿ ಮಲಗಿದ್ರೆ ಯಾರಿಗೂ ತೊಂದರೆ ಇರಲ್ಲ."

"ಇಲ್ಲಿ ಯಾರಿಗೆ ತೊಂದರೆ ಆಯ್ತು? ಯಾರೇನಂದ್ರು?"

"ಯಾರೂ ಏನೂ ಅನ್ನಲಿಲ್ಲ." ಅತ್ತೆ ನನ್ನ ಕಡೆ ನೋಡದೆ ಬಾಳೆಯ ಎಲೆಯ ಅಂಚನ್ನು ಬೆರಳಿನಿಂದ ಸೀಳುತ್ತಿದ್ದರು. "ನೀನು ಒಳ್ಳೇಳು. ಬಾಯಿಬಿಟ್ಟು ಹೇಳೋಳಲ್ಲ. ಸಾಂಬ್ರಾಣಿ ನನ್ನ ರೂಮಲ್ಲೇ ಜಾಸ್ತಿ ಹಿಡೀತೀಯ. ನನ್ನ ಸೀರೇಗೇ ಗುಳಿಗೆ ಇಟ್ಟೆ. ಆ ನೀಲಿ ಹೂವನ್ನೂ ನನ್ನ ತಲೆ ಹತ್ರಾನೇ ಸಿಕ್ಕಿಸಿದೆ. ನನಗೆ ತಿಳಿಯಲ್ವಾ? ವಯಸ್ಸಾದ ಮೈ. ವಾಸನೆ ಹೊಡೆಯುತ್ತೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ. ರೂಮಿಗೇ ಹತ್ಕೊಂಡಿರಬೇಕು ಅಂತ ಹುಳುಮನೆ ತೊಳೆದ ಹಾಗೆ ತೊಳ್ದು ಮುಚ್ಚಿದೆ. ಪೋನೀ ಬಿಡು."

ಪೋನೀ ಎಂದರೆ ತೆಲುಗಿನಲ್ಲಿ ಹೋಗಲಿ ಎಂದು. ದೊಡ್ಡ ನೋವನ್ನೂ ಅತ್ತೆ ಆ ಪುಟ್ಟ ಮಾತಿನಲ್ಲಿ ಸುತ್ತಿ ಪಕ್ಕಕ್ಕಿಡುತ್ತಾರೆ.

ಎರಡು ಹೊತ್ತಿನ ಸ್ನಾನ, ಮಹಡಿಯ ಮೇಲಿನ ಸೀರೆ, ಲವಂಗ, ಬಾಗಿಲ ಬಳಿಯ ಸ್ಟೂಲು, ಆಟೋದಲ್ಲಿ ಆಚೆ ತಿರುಗಿದ ಮುಖ, ಎಲ್ಲಕ್ಕೂ ಆಗ ಅರ್ಥ ಬಂತು. ಅಷ್ಟರಲ್ಲಿ ಮಗಳು ಹೋಗಿ ಅಜ್ಜಿಯ ಕತ್ತಿಗೆ ಮೂಗು ಹಚ್ಚಿಬಿಟ್ಟಳು. ಅವಳು ಓದುವುದೂ ಕಾನ್ವೆಂಟಿನಲ್ಲೇ, ಆದರೆ ಅವಳಿಗೆ ಈ ಮುಜುಗರವೆಲ್ಲ ಇಲ್ಲ.

"ಬಿಡೇ! ಬಿಡೇ ಕತ್ತೆ!"

"ಇರು ಅಜ್ಜಿ." ಕತ್ತು, ಕಿವಿಯ ಹಿಂದೆ, ಸೆರಗು, ತುರುಬು, ಎಲ್ಲ ಕಡೆ ಮೂಸಿದಳು. "ಅಮ್ಮಾ, ಸೋಪು, ಕೊಬ್ಬರಿಎಣ್ಣೆ, ಲವಂಗ. ಅಜ್ಜಿ ಬಿರಿಯಾನಿ ಥರ ಘಮಘಮ ಅಂತಿದಾಳೆ. ಆ ವಾಸನೆ ಇಲ್ಲ."

"ನೀನು ಸುಮ್ನಿರೇ, ನನ್ನ ಸಮಾಧಾನಕ್ಕೆ ಹೇಳ್ಬೇಡ."

"ಸಮಾಧಾನಕ್ಕೆ ಹೇಳೋದಾದ್ರೆ ಮಲ್ಲಿಗೆ ಅಂತಿದ್ದೆ."

ನಾನೂ ಬಗ್ಗಿ ಅತ್ತೆಯ ಭುಜಕ್ಕೆ ಮುಖ ಒತ್ತಿದೆ. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರಿಗೆ ಅಷ್ಟು ಹತ್ತಿರ ಹೋಗಿದ್ದು ಅದೇ ಮೊದಲು. ಸೋಪು, ಎಣ್ಣೆ, ಲವಂಗ. ಮಗಳು ಹೇಳಿದ್ದು ನಿಜವಾಗಿತ್ತು. ಹಾಗಾದರೆ ಅತ್ತೆ ಜಗಲಿಯಲ್ಲಿದ್ದರೂ ಒಳಗೆ ಉಳಿದಿರುವ ವಾಸನೆ ಯಾರದು?

"ಬನ್ನಿ ಹುಡುಕೋಣ" ಎಂದಳು ಮಗಳು.

ನೆಲ ಎರಡು ಸಲ ಬರೀ ನೀರಿನಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು, ಫ್ಯಾನ್ ಹಾಕಿದೆವು. ಬ್ಲೀಚಿನ ಗಾಟು ಇಳಿದ ಮೇಲೆ ಅವಳು ಗೋಡೆಯುದ್ದಕ್ಕೂ ಮೂಸುತ್ತಾ ನಡೆದಳು. ಬೀರುವಿನ ಹತ್ತಿರ ನಿಂತಳು. "ಇಲ್ಲಿ." ಅಷ್ಟರಲ್ಲಿ ಕೆಲಸದಿಂದ ಬಂದ ನಮ್ಮ ಮನೆಯವರು ಶರ್ಟ್ ಕೂಡ ಬದಲಿಸದೆ ಬೀರುವಿಗೆ ಹೆಗಲು ಕೊಟ್ಟರು. ಅದು ಕಿರುಗುಟ್ಟುತ್ತಾ ಸರಿಯಿತು.

ಬಚ್ಚಲುಮನೆಯ ಕಡೆಯ ಗೋಡೆ ಅದು. ಬೀರುವಿನ ಅಗಲಕ್ಕೆ ಸರಿಯಾಗಿ ಕಪ್ಪು ಹಸಿರು ಬಣ್ಣಕ್ಕೆ ತಿರುಗಿತ್ತು. ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು, ಮುಟ್ಟಿದರೆ ಉದುರುತ್ತಿತ್ತು. ಒಳಗಿನ ಪೈಪು ಎಲ್ಲೋ ಜಿನುಗುತ್ತಿರಬೇಕು. ಬೀರುವಿನ ಹಿಂಬದಿಯ ಪ್ಲೈವುಡ್ ನೆಂದ ಬಿಸ್ಕತ್ತಿನ ಹಾಗೆ ಮೆತ್ತಗಾಗಿ ಬೂಷ್ಟು ಹಿಡಿದಿತ್ತು. ಅದರ ಹಿಂದೆ ಉಗ್ರಾಣದ ಕಾಲದ ಒಂದು ಗೋಣಿಚೀಲ ಮಡಚಿ ಬಿದ್ದಿತ್ತು. ವರ್ಷವಿಡೀ ನೆಗಡಿಯ ನಮ್ಮ ಮನೆಯವರೂ ಮೂಗು ಮುಚ್ಚಿಕೊಂಡರು.

"ಅಮ್ಮಾ, ಇಲ್ಲಿ ಬಾ, ನೋಡು" ಎಂದು ಅವರು ತಾಯಿಯನ್ನು ಕರೆದರು.

ಅತ್ತೆ ಬಾಯಿಗೆ ಸೆರಗು ಹಿಡಿದು ಹೊಸ್ತಿಲಲ್ಲೇ ನಿಂತು ನೋಡಿದರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿ, "ಇದಾ? ಇದಕ್ಕಾ ನಾನು ಮೈ ಚರ್ಮ ಕಿತ್ತು ಬರೋ ಹಾಗೆ ಉಜ್ಜಿಕೊಂಡಿದ್ದು? ಅಯ್ಯೋ ದೇವುಡಾ!" ಎಂದರು. ನಗು ಶುರುವಾಗಿ ಕೆಮ್ಮಾಯಿತು, ಕೆಮ್ಮು ಅಳುವಾಯಿತು. ಮಗಳು ನೀರು ತಂದಳು.

ಸ್ವಲ್ಪ ಸುಧಾರಿಸಿಕೊಂಡ ಮೇಲೆ ನಾನು ಕೇಳಿದೆ. "ಅತ್ತೆ, ಹುಳುಮನೆ ತೊಳೆದು ಮುಚ್ಚಿದ ಮೇಲೆ, ಹುಳು ಬಿಡೋ ಮೊದಲು ಏನು ಮಾಡ್ತೀರಿ?"

"ಗಾಳಿ ಬಿಡ್ತೀವಿ. ಇಲ್ಲಾಂದ್ರೆ ಬದುಕ್ತಾವಾ?"

"ಮತ್ತೆ ನೀವು ಒಳಗೇ ಕೂತ್ರಲ್ಲ?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ನನ್ನನ್ನೇನು ಗೂಡು ಕಟ್ಟಿಸಿ ಮಾರ್ಕೆಟ್ಟಿಗೆ ಹಾಕ್ತೀಯಾ, ಅಷ್ಟು ನಾಜೂಕು ಮಾಡೋಕೆ?" ಎಂದರು. ಆದರೆ ದನಿ ಇಳಿದಿತ್ತು.

ಹಬ್ಬದ ದಿನ ನಡುಮನೆಯಲ್ಲೇ ಕಿಟಕಿ ಪಕ್ಕ ಅತ್ತೆಗೆ ಮಂಚ ಹಾಕಿದೆವು. ಊದುಬತ್ತಿ ಹಚ್ಚಲಿಲ್ಲ, ದೇವಿಗೆ ದೀಪ ಮತ್ತು ಹೂವು ಸಾಕು ಎಂದು ಅತ್ತೆಯೇ ತೀರ್ಮಾನ ಕೊಟ್ಟರು. ಅರಿಶಿನ ಕುಂಕುಮಕ್ಕೆ ಬಂದವರೆಲ್ಲ ಅತ್ತೆಯನ್ನು ದಾಟಿಯೇ ದೇವರ ಹತ್ತಿರ ಹೋಗಬೇಕಿತ್ತು. ಮೊದಮೊದಲು ಅವರು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಬಂದವರು ಪಕ್ಕದಲ್ಲಿ ಕೂತು ಮಾತಿಗೆ ತೊಡಗಿದ ಮೇಲೆ ನಿಧಾನವಾಗಿ ಸಡಿಲವಾದರು. ಪಕ್ಕದ ಮನೆಯಾಕೆಗೆ ಗೋಡೆಯ ಕಥೆ ಹೇಳಿದೆ.

"ಅಯ್ಯೋ, ನಿಮ್ಮನೆಗೆ ಬಂದಾಗೆಲ್ಲ ನನಗೆ ಆ ಮುಗ್ಗಲು ಬಡೀತಿತ್ತು ಕಣ್ರೀ" ಎಂದರು ಆಕೆ. "ಹೇಗಪ್ಪಾ ಹೇಳೋದು, ಏನಂದ್ಕೋತಾರೋ ಅಂತ ಸುಮ್ನಿದ್ದೆ."

ಎಷ್ಟು ಮರ್ಯಾದಸ್ಥರು ನಾವೆಲ್ಲ.

ಹಬ್ಬ ಕಳೆದ ಮೇಲೆ ಪ್ಲಂಬರ್ ಬಂದು ಪೈಪು ಬದಲಿಸಿದ. ಗಾರೆ ಕೆಲಸದವರು ಗೋಡೆಯನ್ನು ಇಟ್ಟಿಗೆ ಕಾಣುವವರೆಗೂ ಕೆತ್ತಿ, ಒಣಗಲು ಬಿಟ್ಟು, ಆಮೇಲೆ ಹೊಸ ಗಾರೆ ಹಾಕಿದರು. ಬೀರುವಿನ ಹಿಂಬದಿ, ಗೋಣಿಚೀಲ, ಹಳೆಯ ಹಾಸಿಗೆ ಹೊರಗೆ ಹೋದವು. ಅಂಟಿಕೊಂಡ ಕಿಟಕಿಯನ್ನು ನಮ್ಮ ಮನೆಯವರು ಉಳಿ ಹಿಡಿದು ಬಿಡಿಸಿ, ಸೊಳ್ಳೆಪರದೆಯ ಜಾಲರಿ ಹೊಡೆದರು. ಆದರೆ ಧೂಳು ಏಳುತ್ತದೆ, ಗಾರೆ ಹಸಿಯಾಗಿದೆ, ಆಮೇಲೆ ಬಣ್ಣ. ಇದೆಲ್ಲ ಮುಗಿಯುವವರೆಗೆ ಈ ಮನೆಯಲ್ಲಿ ಉಸಿರಾಡುವುದು ಅತ್ತೆಗೆ ಕಷ್ಟವೇ. ಮೈದುನ ಬಂದು ಕರೆದುಕೊಂಡು ಹೋದ. ಹೋಗುವಾಗ ಅತ್ತೆ ತಮ್ಮ ಎಲ್ಲ ಸೀರೆಗಳನ್ನೂ ತುಂಬಿಕೊಂಡರು. ಒಂದನ್ನೂ ಬಿಡಲಿಲ್ಲ.

ಕೆಲವು ದಿನಕ್ಕೆ ಮೈದುನನ ಫೋನು. "ಅತ್ತಿಗೆ, ಅಮ್ಮನಿಗೆ ಇಲ್ಲಿ ಕೆಮ್ಮೇ ಇಲ್ಲ. ಹುಳುಮನೆ ಮುಂದೆ ಕುರ್ಚಿ ಹಾಕ್ಕೊಂಡು ನಮ್ಮನ್ನೆಲ್ಲ ಬೈತಾ ಆರಾಮಾಗಿದಾಳೆ. ಇಲ್ಲೇ ಇರಲಿ ಬಿಡಿ."

ಅತ್ತೆ ಆರಾಮಾಗಿರುವುದು ಕೇಳಿ ಸಂತೋಷವಾಯಿತು. ಆದರೆ ಫೋನ್ ಇಟ್ಟವಳು ಹಿಂದಿನ ಕೋಣೆಗೆ ಹೋಗಿ, ಗಾರೆ ಎಷ್ಟು ಒಣಗಿದೆ ಎಂದು ಮುಟ್ಟಿ ನೋಡಿದೆ. ಮಗಳು ಪುಸ್ತಕ ಹಿಡಿದು ಖಾಲಿ ಮಂಚದ ಮೇಲೆ ಮಲಗುತ್ತಿದ್ದಳು.

"ಅಮ್ಮಾ, ಅಜ್ಜಿ ಬರಲ್ವಾ?"

"ಬರಲಿ ಅಂತ ನಾವು ಹೇಳಬಹುದು. ಉಸಿರು ಅವರದಲ್ವಾ" ಎಂದೆ.

ಮನೆಯಿಂದ ಘಮದ ಸಾಮಾನೆಲ್ಲ ಹೊರಹಾಕಿದೆ. ನೀಲಿ ಹೂವನ್ನು ಕಿತ್ತಾಗ ಪ್ಲಗ್ಗಿನ ಸುತ್ತ ಗೋಡೆಯ ಮೇಲೆ ಎಣ್ಣೆಯ ಹಾಗೆ ಒಂದು ಜಿಡ್ಡಿನ ಕಲೆ ಇತ್ತು. ಗಾಳಿಯಲ್ಲಿ ಕರಗಿಹೋಗುತ್ತದೆ ಎಂದುಕೊಂಡದ್ದು ಎಲ್ಲೂ ಹೋಗಿರಲಿಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಕಿಟಕಿ ತೆರೆಯುವುದು ರೂಢಿಯಾಯಿತು. ಹಿಂದಿನ ಕೋಣೆಯ ಕಿಟಕಿಯಿಂದ ಪಕ್ಕದ ಮನೆಯಾಕೆ, "ಏನ್ರೀ ಇವತ್ತು, ಬಸ್ಸಾರಾ?" ಎಂದು ಕೇಳುವುದೂ ರೂಢಿಯಾಯಿತು. ಗಾರೆ ಪೂರ್ತಿ ಒಣಗಿ, ಬಣ್ಣವಾಗಿ, ಬಣ್ಣದ ವಾಸನೆ ಇಳಿಯುವವರೆಗೂ ಕೋಣೆಯನ್ನು ಖಾಲಿ ಬಿಟ್ಟೆವು. ಆದರೆ ವಾಸನೆ ಹೋಗಿದೆಯೋ ಇಲ್ಲವೋ ಹೇಳುವವರು ಯಾರು? ನಮ್ಮ ಮೂಗನ್ನು ನಾನು ನಂಬುವ ಹಾಗಿರಲಿಲ್ಲ. ಅದು ಒಮ್ಮೆ ಮರೆತದ್ದು, ಇನ್ನೊಮ್ಮೆಯೂ ಮರೆತೀತು.

ಹಾಗಾಗಿ ಅತ್ತೆಗೇ ಫೋನ್ ಮಾಡಿದೆ. ಬನ್ನಿ, ಇರಿ ಎನ್ನಲಿಲ್ಲ. "ಒಂದು ಸಲ ಬಂದು ಕೋಣೆ ನೋಡಿ ಹೇಳಿ ಅತ್ತೆ. ನಮಗೆ ಗೊತ್ತಾಗ್ತಿಲ್ಲ. ಹಿಡಿಸದಿದ್ರೆ ಅದೇ ಬಸ್ಸಿಗೆ ವಾಪಸ್ ಹತ್ತಿಸ್ತೀನಿ."

"ಈಗ ಹುಳ ಕೊನೇ ಜ್ವರದಲ್ಲಿದಾವೆ. ಗೂಡು ಕಟ್ಟಲಿ, ಬರ್ತೀನಿ" ಎಂದರು.

ಗೂಡು ಮಾರಾಟವಾದ ಮರುದಿನ ಬಂದರು. ಕೈಯಲ್ಲಿ ಒಂದೇ ಬ್ಯಾಗು. ಅದು ತುಂಬಿದೆಯೋ ಖಾಲಿಯೋ ಹೊರಗಿನಿಂದ ತಿಳಿಯುತ್ತಿರಲಿಲ್ಲ. ಮೊದಲು ಬಾಗಿಲಲ್ಲಿ ನಿಂತು ಉಸಿರೆಳೆದರು. ಬ್ಯಾಗು ಕೆಳಗಿಡದೆ ನೇರ ಹಿಂದಿನ ಕೋಣೆಗೆ ಹೋದರು. ನಾವು ಮೂವರೂ ಹಿಂದೆ ಹೋದೆವು.

"ನೀವು ಹೊರಗಿರಿ" ಎಂದು ಬಾಗಿಲು ಹಾಕಿಕೊಂಡರು.

ಹುಳುಮನೆಗೂ ಹೀಗೇ ಮಾಡುತ್ತಿದ್ದರು, ಹೊಸ ಮರಿಹುಳು ತರುವ ಮೊದಲು. ಎಲ್ಲ ಮುಚ್ಚಿ, ತಾವೊಬ್ಬರೇ ಒಳಗೆ ಕೂತು, ಕಣ್ಣು ಉರಿಯುತ್ತದೆಯೇ, ಗಂಟಲು ಕಟ್ಟುತ್ತದೆಯೇ ಎಂದು ನೋಡಿ ಬರುತ್ತಿದ್ದರು. ಹೊರಗೆ ನಮ್ಮ ಮನೆಯವರು ನಿಂತಲ್ಲೇ ಕಾಲು ಬದಲಿಸುತ್ತಿದ್ದರು. ಮಗಳು ಬಾಗಿಲಿಗೆ ಕಿವಿ ಹಚ್ಚಿದ್ದಳು. ಕೆಮ್ಮು ಬರುತ್ತದೆಯೇ ಎಂದು ನಾನೂ ಕೇಳಿಸಿಕೊಳ್ಳುತ್ತಿದ್ದೆ. ಒಂದು ಸಲ ಬಂತು, ಸಣ್ಣದು. ಆಮೇಲೆ ಕಿಟಕಿ ತೆರೆಯುವ ಸದ್ದು. ಪಕ್ಕದ ಮನೆಯಾಕೆಯ ದನಿ, "ಓಹೋ, ಬಂದ್ಬಿಟ್ರಾ ಅಜ್ಜಿ!" ಅತ್ತೆ ಏನೋ ಉತ್ತರ ಕೊಟ್ಟರು.

ಬಾಗಿಲು ತೆರೆಯಿತು.

"ಹುಳ ಬಿಡಬಹುದು" ಎಂದರು ಅತ್ತೆ.

"ಯಾವ ಹುಳ ಅಜ್ಜಿ?"

"ನಾನೇ ಕಣೇ. ಮುದಿ ಹುಳ." ಬ್ಯಾಗನ್ನು ಮಂಚದ ಮೇಲಿಟ್ಟು ಜಿಪ್ ಎಳೆದರು. ಒಳಗೆ ಮಡಚಿದ ಸೀರೆಗಳು ತುಂಬಿದ್ದವು, ಎಲ್ಲಕ್ಕೂ ಮೇಲೆ ಇನ್ಹೇಲರ್. ನನ್ನ ಕಡೆ ತಿರುಗಿ, "ನಿಂತು ನೋಡ್ತಿದೀಯಲ್ಲಮ್ಮ, ಹೋಗಿ ಸೊಪ್ಪು ಹಾಕು. ಹಸಿವಾಗ್ತಿದೆ" ಎಂದರು.

ನಾನು ಮುದ್ದೆಗೆ ಎಸರಿಡಲು ಅಡುಗೆಮನೆಗೆ ಹೋದೆ. ಮಗಳು ಆಗಲೇ ಪುಸ್ತಕ ತಂದು ಅಜ್ಜಿಯ ಮಂಡಿ ಎಳೆಯುತ್ತಿದ್ದಳು.